ಎಸ್ಎಂಪಿಎಸ್ ಎಂಬ ಗದ್ದಲದ ಡಬ್ಬದ ಕಥೆ

ಕಂಪ್ಯೂಟರ್ ಅಂಗಡಿಗೆ ಹೋಗಿ "ಪವರ್ ಸಪ್ಲೈ ಕೊಡಿ" ಅಂತ ಕೇಳಿ ನೋಡಿ. ಅಂಗಡಿಯವರು ಒಂದು ಕ್ಷಣ ಮುಖ ನೋಡಿ, "ಎಸ್ಎಂಪಿಎಸ್ಸಾ ಸಾರ್?" ಅಂತ ತಿದ್ದಿ ಕೇಳ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿನ ರಿಪೇರಿ ಅಂಗಡಿಯವರೆಗೂ ಅದಕ್ಕೆ ಇದೇ ಹೆಸರು. ಹೊರದೇಶದವರು ಪಿಎಸ್‌ಯು ಅಂತ ಸುಮ್ಮನಾಗುತ್ತಾರೆ. ನಾವು ಮಾತ್ರ 'ಸ್ವಿಚ್ಡ್ ಮೋಡ್ ಪವರ್ ಸಪ್ಲೈ' ಎಂಬ ಪೂರ್ತಿ ಜಾತಕವನ್ನೇ ನಾಲ್ಕಕ್ಷರದಲ್ಲಿ ಕರೆಯುತ್ತೇವೆ. ಮೊನ್ನೆ ಹೊಸದೊಂದನ್ನು ತರುವ ಪ್ರಸಂಗ ಬಂತು. ಕಡಿಮೆ ಸದ್ದಿನದು, ಕಡಿಮೆ ಕರೆಂಟು ತಿನ್ನುವಂಥದು ಯಾವುದು ಅಂತ ಹುಡುಕುತ್ತಾ ಹೋದವನು ಈ ಡಬ್ಬದ ಚರಿತ್ರೆಯಲ್ಲಿ ಸಿಕ್ಕಿಹಾಕಿಕೊಂಡೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಹಳೇ ಸಿಟ್ಟು ಹೇಳಿಬಿಡ್ತೀನಿ. 2006ರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡಾಗ ಕ್ಯಾಬಿನೆಟ್ ಜೊತೆಗೆ ಎಸ್ಎಂಪಿಎಸ್ ಪುಕ್ಕಟೆ ಬಂದಿತ್ತು. ಮೇಲೆ '450 ವಾಟ್' ಅಂತ ಚೀಟಿ. ಕೈಯಲ್ಲಿ ಎತ್ತಿದರೆ ಖಾಲಿ ಬಿಸ್ಕತ್ತಿನ ಡಬ್ಬದಷ್ಟೇ ಭಾರ. ನಿಮ್ಮ ಹಾಗೇ ನಾನೂ ಬ್ಲಾಗು ಬರೆಯೋದು ಎಲ್ಲರೂ ಮಲಗಿದ ಮೇಲೆ. ನಡುಮನೆಯಲ್ಲಿ ಮಲಗಿದ್ದ ಅಪ್ಪ, "ಆ ಹಿಟ್ಟಿನ ಗಿರಣಿ ನಿಲ್ಸೋ ಮಾರಾಯ" ಅಂತ ಕೂಗುತ್ತಿದ್ದರು. 2009ರ ಮಳೆಗಾಲದಲ್ಲಿ ಒಂದು ಸಂಜೆ ಹೋದ ಕರೆಂಟು ವಾಪಸ್ಸು ಬಂತು, 'ಡಬ್' ಅಂತು, ಸುಟ್ಟ ವಾಸನೆ. ಎಸ್ಎಂಪಿಎಸ್ ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬ್ಲಾಗಿಗೆ ಹಾಕದೆ ಇಟ್ಟಿದ್ದ ಹತ್ತಿಪ್ಪತ್ತು ಬರಹ ಹೋದದ್ದಕ್ಕೆ ಬೇಜಾರಿಲ್ಲ. ಅಜ್ಜಿಯ ಎದುರು ಕೂತು ಮೈಕು ಹಿಡಿದು ರೆಕಾರ್ಡ್ ಮಾಡಿಕೊಂಡಿದ್ದ ಬೀಸುವ ಪದಗಳು ಅದರಲ್ಲಿದ್ದವು. ಬೇರೆ ಪ್ರತಿ ಮಾಡಿಟ್ಟಿರಲಿಲ್ಲ. ಅಜ್ಜಿ ಹೋಗಿ ಆಗಲೇ ಒಂದು ವರ್ಷವಾಗಿತ್ತು.

ಇರಲಿ. ಕಥೆಗೆ ಬರೋಣ.

ರೇಡಿಯೋಗೆ ಹಾಕುತ್ತಿದ್ದ 'ಎಲಿಮಿನೇಟರ್' ನೆನಪಿದೆಯಾ? ಅಂಗೈಯಗಲದ ಪೆಟ್ಟಿಗೆ, ಕಲ್ಲಿನಷ್ಟು ಭಾರ, ಮುಟ್ಟಿದರೆ ಬಿಸಿ. ಮೊದಮೊದಲ ಕಂಪ್ಯೂಟರುಗಳ ವಿದ್ಯುತ್ ಪೂರೈಕೆಯ ತತ್ವವೂ ಅದೇ, ಗಾತ್ರ ಮಾತ್ರ ದೊಡ್ಡದು. ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ. ಅದನ್ನು ಡಿ.ಸಿ. ಮಾಡಿ, ಬೇಕಾದ್ದಕ್ಕಿಂತ ಹೆಚ್ಚಿದ್ದದ್ದನ್ನು ಒಂದು ಟ್ರಾನ್ಸಿಸ್ಟರ್ ಶಾಖವಾಗಿ ಸುಟ್ಟುಹಾಕುತ್ತದೆ. ಒಳಗೆ ಬಂದ ಕರೆಂಟಿನಲ್ಲಿ ಅರ್ಧದಷ್ಟು ಹೀಗೆ ಬಿಸಿಯಾಗಿ ಹೋಗುವುದು ಆಗ ಮಾಮೂಲು.

ಇದಕ್ಕೆ ಪರ್ಯಾಯವೇ ಸ್ವಿಚ್ಚಿಂಗ್. ಸೀಲಿಂಗ್ ಫ್ಯಾನಿನ ಹಳೇ ರೆಗ್ಯುಲೇಟರ್ ದೊಡ್ಡ ಪೆಟ್ಟಿಗೆ, ವೇಗ ಕಮ್ಮಿ ಮಾಡಿದರೆ ತಾನು ಕಾಯುತ್ತಿತ್ತು. ಆಮೇಲೆ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಸಣ್ಣದು, ತಣ್ಣಗಿರುತ್ತದೆ. ಅದು ಕರೆಂಟನ್ನು ತಡೆದು ಸುಡುವುದಿಲ್ಲ, ಬಿಟ್ಟು ಬಿಟ್ಟು ಕೊಡುತ್ತದೆ. ಎಸ್ಎಂಪಿಎಸ್ ಒಳಗೂ ಹೆಚ್ಚುಕಮ್ಮಿ ಇದೇ. ಗೋಡೆಯಿಂದ ಬಂದ 230 ವೋಲ್ಟನ್ನು ನೇರವಾಗಿ 300 ಚಿಲ್ಲರೆ ವೋಲ್ಟಿನ ಡಿ.ಸಿ. ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತಾರೆ. ಪ್ರತಿ ಸಲ ದಾಟಿಸಬೇಕಾದ ಶಕ್ತಿ ಚಿಟಿಕೆಯಷ್ಟಾದ್ದರಿಂದ ನಿಂಬೆಹಣ್ಣಿನ ಗಾತ್ರದ ಟ್ರಾನ್ಸ್‌ಫಾರ್ಮರ್ ಸಾಕು. ಸೆಕೆಂಡಿಗೆ ಇಪ್ಪತ್ತು ಸಾವಿರ ದಾಟಿದರೆ ಮನುಷ್ಯರ ಕಿವಿಗೆ ಆ ಕತ್ತರಿಯ ಸದ್ದೂ ಕೇಳಿಸುವುದಿಲ್ಲ.

ಉಪಾಯ ಹಳೆಯದೇ. ಆದರೆ ಅಷ್ಟು ವೋಲ್ಟನ್ನು ಅಷ್ಟು ಬೇಗ ಕತ್ತರಿಸಬಲ್ಲ ಅಗ್ಗದ ಟ್ರಾನ್ಸಿಸ್ಟರ್ ಸಿಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಇದು ಉಪಗ್ರಹ, ಕ್ಷಿಪಣಿಗಳಂಥ ಕಡೆ, ಅಂದರೆ ಭಾರ ಇಳಿಸಲು ಎಷ್ಟು ದುಡ್ಡಾದರೂ ಸುರಿಯುವವರ ಕೈಯಲ್ಲಿತ್ತು. 1970ರ ಸುಮಾರಿಗೆ ಮಿನಿಕಂಪ್ಯೂಟರುಗಳಿಗೆ ಬಂತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ರಾಬರ್ಟ್ ಬೋಶರ್ಟ್ ಎಂಬ ಇಂಜಿನಿಯರ್ ಮನೆಯ ಅಡಿಗೆ ಮೇಜಿನ ಮೇಲೆ ಕೂತು, ಇದರ ಬಿಡಿಭಾಗ ಕಮ್ಮಿ ಮಾಡುತ್ತಾ, ಪ್ರಿಂಟರುಗಳಿಗೆ ಹಾಕುವಷ್ಟು ಅಗ್ಗ ಮಾಡಿದ. 1976ರಲ್ಲಿ ಬಾಬ್ ಮಾಮಾನೋ ಎಂಬಾತ ಸಿಲಿಕಾನ್ ಜನರಲ್ ಕಂಪನಿಗೆ ವಿನ್ಯಾಸ ಮಾಡಿಕೊಟ್ಟ ಎಸ್‌ಜಿ1524 ಎಂಬ ಚಿಪ್ಪು, ಕತ್ತರಿಸುವ ಲೆಕ್ಕಾಚಾರವನ್ನೆಲ್ಲ ಒಂದೇ ಐ.ಸಿ.ಗೆ ತಂದಿತು. ಈ ಇಬ್ಬರ ಹೆಸರು ನಾನೂ ಈಗಲೇ ಕೇಳಿದ್ದು.

ಎಲ್ಲರಿಗೂ ಗೊತ್ತಿರೋ ಹೆಸರು ಸ್ಟೀವ್ ಜಾಬ್ಸ್. 1977ರ ಆಪಲ್ 2 ಕಂಪ್ಯೂಟರಿನಲ್ಲಿ ಫ್ಯಾನು ಇರಕೂಡದು ಅಂತ ಆತನ ಹಟ. ಅದಕ್ಕಾಗಿ ರಾಡ್ ಹೋಲ್ಟ್ ಎಂಬ ಇಂಜಿನಿಯರ್ 38 ವಾಟಿನ, ತಣ್ಣಗಿರುವ ಸ್ವಿಚ್ಚಿಂಗ್ ಸಪ್ಲೈ ಮಾಡಿಕೊಟ್ಟ. ಚೊಕ್ಕ ಕೆಲಸ, ಪೇಟೆಂಟೂ ಬಂತು. ಮುಂದೆ 2011ರಲ್ಲಿ ಬಂದ ವಾಲ್ಟರ್ ಐಸಾಕ್ಸನ್ ಬರೆದ ಜೀವನಚರಿತ್ರೆಯಲ್ಲಿ, ಈಗಿನ ಕಂಪ್ಯೂಟರುಗಳೆಲ್ಲ ಹೋಲ್ಟನನ್ನೇ ಕದ್ದಿವೆ ಎಂಬರ್ಥದ ಮಾತನ್ನು ಜಾಬ್ಸ್ ಆಡಿದ್ದಾನೆ. ಓದಿದವರು ಅದನ್ನು ನಂಬಿದರು. 2012ರಲ್ಲಿ ಕೆನ್ ಶೆರಿಫ್ ಎಂಬ ಬ್ಲಾಗರ್ ಕೂತು ಹಳೇ ಪೇಟೆಂಟು, ಹಳೇ ಪತ್ರಿಕೆ, ಸರ್ಕ್ಯೂಟು ಎಲ್ಲ ತೆಗೆದು ನೋಡಿ, ಇದು ನಿಜವಲ್ಲ, ಆಪಲ್‌ಗಿಂತ ಮೊದಲೇ ಎಷ್ಟೋ ಯಂತ್ರಗಳಲ್ಲಿ ಇದು ಇತ್ತು, ಆಮೇಲಿನವರು ಬಳಸಿದ ಸರ್ಕ್ಯೂಟೂ ಬೇರೆ ಅಂತ ಉದ್ದನೆಯ ಲೇಖನ ಬರೆದ. ಒಬ್ಬ ಬ್ಲಾಗರ್! ನಮ್ಮ ಜಾತಿಯವನು ಅಂತ ನನಗೆ ಸ್ವಲ್ಪ ಹೆಮ್ಮೆ. ಇನ್ನೊಂದು ತಮಾಷೆ: ಆಪಲ್ 2ರಲ್ಲಿ ಕಾರ್ಡುಗಳು ಹೆಚ್ಚಾದಂತೆ ಒಳಗೆ ಕಾಯತೊಡಗಿತು. ಪಕ್ಕಕ್ಕೆ ಸಿಕ್ಕಿಸುವ ಫ್ಯಾನುಗಳನ್ನು ಬೇರೆ ಕಂಪನಿಗಳು ಮಾರಿದವು, ಜನ ಕೊಂಡರು.

ಸದ್ದಿನ ಕಥೆ ನಿಜವಾಗಿ ಶುರುವಾಗುವುದು 1981ರ ಐಬಿಎಂ ಪಿಸಿಯಿಂದ. 63.5 ವಾಟಿನ ಸಪ್ಲೈ, ಅದರೊಳಗೇ ಫ್ಯಾನು. ಇಡೀ ಪೆಟ್ಟಿಗೆಯ ಬಿಸಿಗಾಳಿ ಹೊರಹಾಕುವ ಕೆಲಸವೂ ಅದಕ್ಕೇ. ಒಂದು ಫ್ಯಾನಿನಲ್ಲಿ ಎರಡು ಕೆಲಸ, ಇಂಜಿನಿಯರುಗಳಿಗೆ ಇದು ಜಾಣತನವೇ ಇರಬಹುದು. ನನ್ನ ದೃಷ್ಟಿಯಲ್ಲಿ ಮುಂದಿನ ಇಪ್ಪತ್ತೈದು ವರ್ಷದ ಗಿರಣಿ ಸದ್ದಿನ ಮೂಲ ಇಲ್ಲಿದೆ. 1983ರ ಎಕ್ಸ್‌ಟಿಯಲ್ಲಿ 130 ವಾಟ್, 1984ರ ಎಟಿಯಲ್ಲಿ 192. ನಕಲು ಮಾಡಿದವರೆಲ್ಲ ಪೆಟ್ಟಿಗೆಯ ಅಳತೆ, ಫ್ಯಾನಿನ ಜಾಗ ಸಮೇತ ನಕಲು ಮಾಡಿದರು.

1995ರ ಜುಲೈನಲ್ಲಿ ಇಂಟೆಲ್ 'ಎಟಿಎಕ್ಸ್' ಎಂಬ ಮಾನಕ ತಂತು. ಅಲ್ಲಿಯವರೆಗೆ ಕಂಪ್ಯೂಟರ್ ಆರಿಸಲು ಕರೆಂಟಿನ ಸ್ವಿಚ್ಚನ್ನೇ ಆರಿಸಬೇಕಿತ್ತು. ವಿಂಡೋಸ್ 95ರ ಕಪ್ಪು ಪರದೆಯಲ್ಲಿ 'ಈಗ ಆರಿಸಬಹುದು' ಅಂತ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತಲ್ಲ, ಅದು ಆ ಕಾಲದ್ದು. ಎಟಿಎಕ್ಸ್ ಬಂದ ಮೇಲೆ ಯಂತ್ರ ತಾನೇ ಆರತೊಡಗಿತು. ಅದಕ್ಕಾಗಿ ಆರಿದ ಮೇಲೂ ಒಳಗೆ 5 ವೋಲ್ಟು ಸದಾ ಜೀವಂತ. ಎಟಿಎಕ್ಸ್‌ನ ಮೊದಲ ಯೋಜನೆಯಲ್ಲಿ ಇನ್ನೊಂದು ಉಪಾಯವಿತ್ತು: ಎಸ್ಎಂಪಿಎಸ್ ಫ್ಯಾನು ಗಾಳಿಯನ್ನು ಒಳಕ್ಕೆ, ನೇರ ಸಿಪಿಯು ಮೇಲೆ ಊದಬೇಕು, ಇನ್ನೊಂದು ಫ್ಯಾನು ಉಳಿಯುತ್ತದೆ ಅಂತ. ತನ್ನ ಬಿಸಿಯನ್ನೇ ಕಾದ ಸಿಪಿಯು ಮೇಲೆ ಊದಿದರೆ ಏನಾದೀತು! ಆಮೇಲೆ ದಿಕ್ಕು ಬದಲಿಸಿದರು. ಒಂದು ಫ್ಯಾನು ಉಳಿಸಲು ಹೋಗಿ ಕೊನೆಗೆ ಸಿಪಿಯುಗೊಂದು, ಗ್ರಾಫಿಕ್ಸ್ ಕಾರ್ಡಿಗೊಂದು, ಕ್ಯಾಬಿನೆಟ್ಟಿಗೊಂದು ಸೇರಿ ಜಾತ್ರೆಯಾಯಿತು.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ. 2000ದಲ್ಲಿ ಪೆಂಟಿಯಮ್ 4 ಬಂದ ಮೇಲೆ ಕಂಪ್ಯೂಟರುಗಳ ಹಸಿವು ಹೆಚ್ಚಿತು. ಒಳಗಿನ ಭಾಗಗಳಿಗೆ 150 ವಾಟ್ ಬೇಕು ಅಂದುಕೊಳ್ಳಿ. ಆಗಿನ ಮಾಮೂಲಿ ಎಸ್ಎಂಪಿಎಸ್‌ನ ದಕ್ಷತೆ ಶೇ. 70ರ ಆಸುಪಾಸು. ಅಂದರೆ ಗೋಡೆಯಿಂದ 214 ವಾಟ್ ಎಳೆದುಕೊಂಡು, 64 ವಾಟನ್ನು ಆ ಸಣ್ಣ ಡಬ್ಬದೊಳಗೇ ಬಿಸಿ ಮಾಡಿ ಕಳೆಯುತ್ತದೆ. ಹಳೇ 60 ವಾಟಿನ ಬಲ್ಬನ್ನು ಡಬ್ಬದಲ್ಲಿಟ್ಟು ಮುಚ್ಚಿದ ಹಾಗೆ. ಅದನ್ನು ತಣಿಸಲು 80 ಮಿಲಿಮೀಟರಿನ ಪುಟ್ಟ ಫ್ಯಾನು ಜೀವ ಬಿಟ್ಟು ತಿರುಗಬೇಕು. ದಕ್ಷತೆ ಶೇ. 85 ಆದರೆ ವ್ಯರ್ಥವಾಗುವುದು 26 ವಾಟ್ ಅಷ್ಟೇ. ಅದಕ್ಕೆ ಫ್ಯಾನು ನಿಧಾನವಾಗಿ ತಿರುಗಿದರೆ ಸಾಕು. ವೇಗ ಅರ್ಧಕ್ಕಿಳಿದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಪ್ಪನ ನಿದ್ದೆ ಕೆಡಿಸುತ್ತಿದ್ದದ್ದು ಫ್ಯಾನಲ್ಲ, ಪೋಲಾಗುತ್ತಿದ್ದ ಕರೆಂಟು ಅಂತ ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯ್ತು.

ಹಾಗಾದರೆ ಒಳ್ಳೆಯದನ್ನು ಯಾಕೆ ಮಾಡಲಿಲ್ಲ? ಮಾಡಲು ಬರುತ್ತಿತ್ತು. ಆದರೆ ಎಸ್ಎಂಪಿಎಸ್ ಆರಿಸುವವನು ಕಂಪ್ಯೂಟರ್ ಜೋಡಿಸುವವನು, ಕರೆಂಟ್ ಬಿಲ್ಲು ಕಟ್ಟುವವರು ನಾವು. ಅವನಿಗೆ ನೂರು ರೂಪಾಯಿ ಉಳಿದರೆ ಸಾಕು. ಅಮೆರಿಕದಲ್ಲೂ ಇದೇ ಹಾಡು. ಅಲ್ಲಿ 2004ರಲ್ಲಿ ಇಕೋಸ್ ಕನ್ಸಲ್ಟಿಂಗ್ ಎಂಬ ಸಂಸ್ಥೆ '80 ಪ್ಲಸ್' ಎಂಬ ಯೋಜನೆ ಮುಂದಿಟ್ಟಿತು. ಶೇ. 20, 50, 100 ಮೂರೂ ಹೊರೆಯಲ್ಲಿ ಶೇ. 80ಕ್ಕಿಂತ ಹೆಚ್ಚು ದಕ್ಷತೆ ಇರಬೇಕು. ಅಂಥ ಸಪ್ಲೈ ಹಾಕಿದ ಪ್ರತಿ ಡೆಸ್ಕ್‌ಟಾಪಿಗೆ ತಯಾರಕರಿಗೆ 5 ಡಾಲರ್, ಸರ್ವರಿಗೆ 10 ಡಾಲರ್. ದುಡ್ಡು ಕೊಟ್ಟವರು ಯಾರು ಗೊತ್ತಾ, ವಿದ್ಯುತ್ ಕಂಪನಿಗಳು. ಜನ ಕಮ್ಮಿ ಕರೆಂಟು ಬಳಸಲಿ ಅಂತ ಕರೆಂಟು ಮಾರುವವರೇ ದುಡ್ಡು ಕೊಡೋದು! ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಇದು ಅಗ್ಗ ಎಂಬ ಲೆಕ್ಕ. 2005ರಲ್ಲಿ ಸೀಸಾನಿಕ್ ಕಂಪನಿಯ ಸಪ್ಲೈ ಮೊದಲು ತೇರ್ಗಡೆಯಾಯಿತು. 2007ರ ಜುಲೈನಿಂದ ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಗುರುತಿಗೂ ಇದೇ ಮಟ್ಟ ಬೇಕೆಂದಾದ ಮೇಲೆ ದೊಡ್ಡ ಕಂಪನಿಗಳು ದಾರಿಗೆ ಬಂದವು. 2008ರಲ್ಲಿ ಕಂಚು, ಬೆಳ್ಳಿ, ಚಿನ್ನದ ದರ್ಜೆಗಳು. ಆಮೇಲೆ ಪ್ಲಾಟಿನಂ, ಟೈಟೇನಿಯಂ. ಮದುವೆ ಒಡವೆ ಅಂಗಡಿಯ ಹಾಗೆ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಗುಂಪಿತ್ತು, ಸದ್ದಿಗೆ ಅಲರ್ಜಿ ಇದ್ದವರದ್ದು. 2002ರಲ್ಲಿ ಮೈಕ್ ಚಿನ್ ಎಂಬಾತ ಕೆನಡಾದಿಂದ 'ಸೈಲೆಂಟ್ ಪಿಸಿ ರಿವ್ಯೂ' ಎಂಬ ತಾಣ ಶುರು ಮಾಡಿ, ಒಂದೊಂದು ಸಪ್ಲೈಯನ್ನೂ ಮೌನದಲ್ಲಿಟ್ಟು ಅಳೆದು ಬರೆಯುತ್ತಿದ್ದ. ಇವರಿಗೆ ಬೇಕಿದ್ದದ್ದು ಪರಿಸರವಲ್ಲ, ನೆಮ್ಮದಿ. ಆದರೂ ಇಬ್ಬರೂ ಕೇಳಿದ್ದು ಒಂದೇ ಡಬ್ಬ. ಆ ದಶಕದ ಮಧ್ಯದ ಹೊತ್ತಿಗೆ 80 ಮಿಲಿಮೀಟರಿನ ಬದಲು 120 ಮಿಲಿಮೀಟರಿನ ನಿಧಾನದ ಫ್ಯಾನು ಬಂತು. ಹೊರೆ ಕಡಿಮೆಯಿದ್ದಾಗ ಫ್ಯಾನೇ ತಿರುಗದ ಮಾದರಿಗಳೂ ಬಂದವು.

ನಮ್ಮ ಕಡೆಗೆ ಇದೆಲ್ಲ ತಡವಾಗಿ ಬಂತು. ನಮಗೆ ಬರುತ್ತಿದ್ದದ್ದು ಹಿಂಭಾಗದಲ್ಲಿ 115/230ರ ಕೆಂಪು ಸ್ವಿಚ್ಚಿರುವ ಹಳೇ ವಿನ್ಯಾಸ. ಮನೆಯ ಮಗು ಕುತೂಹಲಕ್ಕೆ ಅದನ್ನು 115ಕ್ಕೆ ಸರಿಸಿದರೆ ಒಳಗೆ 600 ಮೀರಿದ ವೋಲ್ಟು, 'ಡಬ್'. ಈಗಿನ ಒಳ್ಳೆಯ ಸಪ್ಲೈಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ, ಸ್ವಿಚ್ಚೇ ಇರುವುದಿಲ್ಲ. ಸ್ವಿಚ್ಚಿಲ್ಲದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, 230ಕ್ಕೆ ಮಾತ್ರ ಮಾಡಿದ ಅಗ್ಗದವೂ ಇವೆ. ನನ್ನ ಹಳೇ ಡಬ್ಬವನ್ನು ಆಮೇಲೆ ರಿಪೇರಿಯವರಲ್ಲಿ ಬಿಚ್ಚಿಸಿ ನೋಡಿದೆ. ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿದ್ದವು. ಆ ವರ್ಷಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಲೋಕವೆಲ್ಲ ಹರಡಿ ದೊಡ್ಡ ದೊಡ್ಡ ಕಂಪನಿಗಳ ಕಂಪ್ಯೂಟರುಗಳನ್ನೂ ಕೊಂದಿದ್ದವಂತೆ. ಕರೆಂಟಿನ ಏರಿಳಿತ ತಡೆಯುವ ಬಿಡಿಭಾಗ ಕೂರಬೇಕಾದ ಜಾಗದಲ್ಲಿ ಬರೀ ಒಂದು ತಂತಿಯ ತುಂಡು. 450 ಎಂಬುದು ಚೀಟಿಯ ಮೇಲಿನ ಸಂಖ್ಯೆ, ಅಷ್ಟೇ.

ಈ ಸಲ ಕೊಂಡದ್ದು 550 ವಾಟಿನ ಗೋಲ್ಡ್. ನನ್ನ ಕಂಪ್ಯೂಟರ್ ಬರೆಯುವಾಗ ಬಳಸುವುದು ಅರವತ್ತು ವಾಟಿನಷ್ಟು. ನಿಜ ಹೇಳಬೇಕೆಂದರೆ ಇದು ಅತಿಯಾಯ್ತು, ಅಷ್ಟು ಕಮ್ಮಿ ಹೊರೆಯಲ್ಲಿ ಗೋಲ್ಡ್ ದರ್ಜೆ ಏನನ್ನೂ ಭರವಸೆ ಕೊಡುವುದಿಲ್ಲ. ಆದರೆ ಅದಕ್ಕಿಂತ ಚಿಕ್ಕದರಲ್ಲಿ ಒಳ್ಳೆಯದು ಅಂಗಡಿಯಲ್ಲಿ ಸಿಗಲಿಲ್ಲ. ಇನ್ನೆರಡು ಮಾತು ಗಮನಿಸಿ: 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿ ತಂಪಿನಲ್ಲಿ, ರಾಯಚೂರಿನ ಏಪ್ರಿಲ್ಲಿನಲ್ಲಲ್ಲ. ಸದ್ದಿನ ಬಗ್ಗೆಯಂತೂ ಅದು ತುಟಿಪಿಟಿಕ್ಕೆನ್ನುವುದಿಲ್ಲ. ಸದ್ದಿಗೆ ಸೈಪ್ರಸ್ ದೇಶದ ಸೈಬೆನೆಟಿಕ್ಸ್ ಎಂಬ ಸಂಸ್ಥೆ 'ಲ್ಯಾಮ್ಡಾ' ಅಂತ ಬೇರೆ ದರ್ಜೆ ಕೊಡುತ್ತದೆ, ಅದನ್ನು ನೋಡಿ ಆರಿಸಿದೆ. ಮನೆಗೆ ತಂದ ಮೇಲೆ ಇನ್ನೊಂದು ಪಾಠ: ಹಳೇ ಯುಪಿಎಸ್‌ನ ಮೆಟ್ಟಿಲು ಮೆಟ್ಟಿಲಾದ ಕರೆಂಟು ಈ ಹೊಸ ತಲೆಮಾರಿನ ಸಪ್ಲೈಗಳಿಗೆ ಕೆಲವೊಮ್ಮೆ ಒಗ್ಗುವುದಿಲ್ಲ. ಕರೆಂಟು ಹೋದಾಗ ಕಂಪ್ಯೂಟರೂ ಆರಿಹೋಯಿತು. ಶುದ್ಧ ಸೈನ್ ಅಲೆಯ ಯುಪಿಎಸ್ ತಂದ ಮೇಲೆ ಸರಿಹೋಯ್ತು. ಖರ್ಚಿನ ಮೇಲೆ ಖರ್ಚು.

ಈಗ ರಾತ್ರಿ ಟೈಪಿಸುವಾಗ ಕೇಳಿಸೋದು ಕೀಲಿಮಣೆಯ ಸದ್ದೊಂದೇ. ಅಪ್ಪನಿಗೆ ಈಗ ಕಿವಿ ಮಂದ, ಈ ಮೌನ ಅವರ ಗಮನಕ್ಕೇ ಬಂದಿಲ್ಲ. ನಾನೂ ಹೇಳಲು ಹೋಗಿಲ್ಲ.

ನಿಮ್ಮ ಕ್ಯಾಬಿನೆಟ್ಟಿನ ಹಿಂದೆ ಒಮ್ಮೆ ಬಗ್ಗಿ ನೋಡಿ, ಚೀಟಿಯಲ್ಲಿ ಏನು ಬರೆದಿದೆ ಅಂತ ತಿಳಿಸ್ತೀರಾ? ಕೆಂಪು ಸ್ವಿಚ್ಚು ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ.