ಟೊಮಹಾಕ್: ಕಲ್ಲಿನ ಕೊಡಲಿಯಿಂದ ಸೈನಿಕನ ಸೊಂಟಪಟ್ಟಿಯವರೆಗೆ

ಟೊಮಹಾಕ್ ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ನೌಕೆಗಳಿಂದ ಹಾರಿದ ಕ್ರೂಸ್ ಕ್ಷಿಪಣಿ. ಆದರೆ ಆ ಕ್ಷಿಪಣಿಗೆ ಹೆಸರು ಬಂದದ್ದು ಉತ್ತರ ಅಮೆರಿಕದ ಮೂಲನಿವಾಸಿಗಳ ಪುಟ್ಟ ಕೈಗೊಡಲಿಯಿಂದ. ಕ್ಷಿಪಣಿಗಳ ಕಾಲದಲ್ಲೂ ಈ ಕೊಡಲಿ ಮ್ಯೂಸಿಯಂ ಸೇರಿಲ್ಲ. ಹೊಸ ಉಕ್ಕು, ಹೊಸ ಕಾವು ಪಡೆದು ಅದು ಸೈನಿಕರ ಸೊಂಟಪಟ್ಟಿಗೆ ಮರಳಿದೆ. ಆಯುಧವೂ ಆಗಬೇಕು, ಕಾಡಿನಲ್ಲಿ ಬದುಕುಳಿಯಲು ನೆರವಾಗುವ ಉಪಕರಣವೂ ಆಗಬೇಕು ಎಂಬ ಎರಡು ಬೇಡಿಕೆಗಳ ನಡುವಿನ ಹೊಂದಾಣಿಕೆಯೇ ಇದರ ವಿನ್ಯಾಸದ ಕಥೆ.

ಹೆಸರಿನ ಮೂಲ

ಇಂದಿನ ವರ್ಜೀನಿಯಾ ಪ್ರದೇಶದ ಪೌಹಾಟನ್ ಜನರ ಆಲ್ಗೊಂಕ್ವಿಯನ್ ಭಾಷೆಯ ಪದವೇ 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರ ಬಾಯಲ್ಲಿ ಟೊಮಹಾಕ್ ಆಯಿತು. ಮೊದಲು ಇದರ ತಲೆ ಕಲ್ಲಿನದಾಗಿತ್ತು. ಯೂರೋಪಿನ ವರ್ತಕರು ತುಪ್ಪುಳು ಚರ್ಮಕ್ಕೆ ಬದಲಾಗಿ ಕಬ್ಬಿಣದ ತಲೆಗಳನ್ನು ನೀಡತೊಡಗಿದ ಮೇಲೆ ಕಲ್ಲು ಹಿಂದೆ ಸರಿಯಿತು. 18ನೇ ಶತಮಾನದಲ್ಲಿ ಒಂದು ಬದಿ ಅಲಗು, ಇನ್ನೊಂದು ಬದಿ ತಂಬಾಕಿನ ಬಟ್ಟಲು, ಕಾವಿನೊಳಗೆ ಹೊಗೆಯ ಕೊಳವೆ ಇದ್ದ ಟೊಮಹಾಕ್‌ಗಳು ಬಂದವು. ಒಪ್ಪಂದಗಳ ವೇಳೆ ಇವನ್ನು ಉಡುಗೊರೆಯಾಗಿ ಕೊಡಲಾಗುತ್ತಿತ್ತು. ಒಂದೇ ವಸ್ತು ಯುದ್ಧಕ್ಕೂ ಸಂಧಾನಕ್ಕೂ ಸಂಕೇತವಾಗಿದ್ದುದು ಗಮನಾರ್ಹ.

ವಲಸೆ ಬಂದ ಬಿಳಿಯರೂ ಇದನ್ನು ತಮ್ಮದಾಗಿಸಿಕೊಂಡರು. 1775ರ ಜುಲೈನಲ್ಲಿ ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್, ನಾಗರಿಕ ಪಡೆಯ ಯೋಧರ ಬಳಿ ಬಂದೂಕಿನೊಂದಿಗೆ ಕತ್ತಿ ಅಥವಾ ಟೊಮಹಾಕ್ ಇರಬೇಕೆಂದು ಶಿಫಾರಸು ಮಾಡಿತು.

ವಿಯೆಟ್ನಾಂನಲ್ಲಿ ಮರುಹುಟ್ಟು

ಆಧುನಿಕ ಟೊಮಹಾಕ್‌ನ ಚರಿತ್ರೆ ಪೀಟರ್ ಲಗಾನಾ ಎಂಬುವರಿಂದ ಆರಂಭವಾಗುತ್ತದೆ. ಅಮೆರಿಕದ ಮರೀನ್ ಪಡೆಯಲ್ಲಿ ಸೇವೆ ಸಲ್ಲಿಸಿದ್ದ ಅವರು 1960ರ ದಶಕದಲ್ಲಿ ಅಮೆರಿಕನ್ ಟೊಮಹಾಕ್ ಕಂಪೆನಿ ಸ್ಥಾಪಿಸಿ, ಒಂದು ಬದಿ ಅಲಗು ಹಾಗೂ ಹಿಂಬದಿ ಚೂಪಾದ ಮೊನೆಯಿದ್ದ ಹಗುರ ಕೊಡಲಿಯನ್ನು ರೂಪಿಸಿದರು. 1966ರಿಂದ 1970ರವರೆಗೆ ಸುಮಾರು 4,000 ಕೊಡಲಿಗಳು ವಿಯೆಟ್ನಾಂ ಯುದ್ಧದ ಸೈನಿಕರ ಕೈ ಸೇರಿದವು. ಇದು ಸೇನೆಯ ಅಧಿಕೃತ ಸರಬರಾಜು ಆಗಿರಲಿಲ್ಲ. ಸೈನಿಕರು ಸ್ವಂತ ಹಣ ತೆತ್ತು ಕೊಂಡರು.

ಬಳಿಕ ಮುಚ್ಚಿದ್ದ ಕಂಪೆನಿ 2000ರ ದಶಕದ ಆರಂಭದಲ್ಲಿ ಹೊಸ ಒಡೆತನದಲ್ಲಿ ಮತ್ತೆ ತೆರೆಯಿತು. ಮರದ ಕಾವಿನ ಜಾಗಕ್ಕೆ ನೈಲಾನ್ ಕಾವು ಬಂತು. ಆಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳಲ್ಲಿ ಬಾಗಿಲು ಒಡೆಯಲು, ಬೀಗ ಮೀಟಲು, ವಾಹನದ ಗಾಜು ಒಡೆದು ಒಳಗೆ ಸಿಕ್ಕಿದವರನ್ನು ಹೊರತರಲು ಸಣ್ಣ ಸಾಧನವೊಂದರ ಅಗತ್ಯ ಕಂಡಿತ್ತು. ಟೆನ್ನೆಸ್ಸಿಯ ಚಟ್ಟನೂಗದ ಆರ್‌ಎಂಜೆ ಟ್ಯಾಕ್ಟಿಕಲ್‌ನಂತಹ ಕುಲುಮೆಗಳು ಬೆಳೆದದ್ದೂ ಇದೇ ಬೇಡಿಕೆಯಿಂದ.

ತೂಕದ ಲೆಕ್ಕ

ಗುಂಡು, ನೀರು, ರಕ್ಷಾಕವಚ ಹೊತ್ತ ಸೈನಿಕನಿಗೆ ಪ್ರತಿ ನೂರು ಗ್ರಾಮ್ ಕೂಡ ಭಾರವೇ. ಆದ್ದರಿಂದ ಇಂದಿನ ಟೊಮಹಾಕ್‌ಗಳು ಬಹುಮಟ್ಟಿಗೆ ಒಂದು ಕಿಲೋಗಿಂತ ಕಡಿಮೆ ತೂಗುತ್ತವೆ. ಉದ್ದ ಸಾಮಾನ್ಯವಾಗಿ 30ರಿಂದ 50 ಸೆಂಟಿಮೀಟರ್.

ಹಗುರ ಕೊಡಲಿ ಬಲವಾಗಿ ಹೊಡೆಯುವುದು ಹೇಗೆ? ಉತ್ತರ ಶಾಲೆಯ ಭೌತಶಾಸ್ತ್ರದಲ್ಲಿದೆ. ತೂಕ ಇಮ್ಮಡಿಯಾದರೆ ಚಲನಶಕ್ತಿ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ. ಹಗುರ ತಲೆಯನ್ನು ಬೇಗ ಬೀಸಬಹುದು, ಗುರಿ ತಪ್ಪಿದರೆ ಬೇಗ ಹಿಂದಕ್ಕೆಳೆಯಬಹುದು. ಅಲಗಿನ ಬಾಯಿ ಕಿರಿದಾದಷ್ಟೂ ಪೆಟ್ಟಿನ ಒತ್ತಡ ಚಿಕ್ಕ ಜಾಗದಲ್ಲಿ ಬೀಳುತ್ತದೆ.

ಆದರೆ ಸೌದೆ ಸೀಳುವಾಗ ಇದೇ ಗುಣ ದೋಷವಾಗುತ್ತದೆ. ಸೌದೆಗೆ ಬೇಕಾದುದು ಬೆಣೆಯಂತೆ ದಪ್ಪನಾದ, ಭಾರವಾದ ತಲೆ. ತೆಳು ಅಲಗು ಮರದೊಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಯುದ್ಧಕ್ಕೆ ಹೊಂದುವ ಟೊಮಹಾಕ್ ಚಳಿಯ ರಾತ್ರಿ ಒಲೆ ಹಚ್ಚಲು ಅಷ್ಟೇನೂ ಒಳ್ಳೆಯ ಜೊತೆಗಾರನಲ್ಲ.

ಉಕ್ಕಿನ ಹದ

ಚಾಕುವಿನ ಉಕ್ಕು ಇಲ್ಲಿ ನಡೆಯದು. ಒಳ್ಳೆಯ ಚಾಕುಗಳ ಗಡಸುತನ ರಾಕ್‌ವೆಲ್ ಮಾಪನದಲ್ಲಿ 58ರಿಂದ 62ರಷ್ಟಿರುತ್ತದೆ. ಅದೇ ಹದದ ಕೊಡಲಿ ಕಲ್ಲಿಗೋ ಕಬ್ಬಿಣಕ್ಕೋ ತಗುಲಿದರೆ ಬಾಯಿ ಚಕ್ಕೆಯೇಳುತ್ತದೆ. ಆದ್ದರಿಂದ ಟೊಮಹಾಕ್‌ನ ಗಡಸುತನವನ್ನು ಸಾಮಾನ್ಯವಾಗಿ 50ರ ಆಸುಪಾಸಿನಿಂದ 50ರ ದಶಕದ ಮಧ್ಯದವರೆಗೆ ಇಳಿಸಲಾಗುತ್ತದೆ. ಬಾಯಿ ಬೇಗ ಮೊಂಡಾಗಬಹುದು, ಆದರೆ ಮುರಿಯದು. ಮೊಂಡಾದ ಬಾಯಿಯನ್ನು ಅರದಿಂದ ಮಸೆಯಬಹುದು. ಕಾಡಿನ ನಡುವೆ ಮುರಿದ ಉಕ್ಕನ್ನು ಕೂಡಿಸಲಾಗದು. ಕ್ರೋಮಿಯಂ-ಮಾಲಿಬ್ಡಿನಂ ಬೆರೆತ 4140, ಸ್ಪ್ರಿಂಗ್‌ಗಳಿಗೆ ಬಳಸುವ 5160, ವೆನೇಡಿಯಂ ಸೇರಿದ 80ಸಿಆರ್‌ವಿ2 ಇಲ್ಲಿ ಬಳಕೆಯಾಗುವ ಉಕ್ಕುಗಳು.

ಆಕಾರವೂ ಅಷ್ಟೇ ಮುಖ್ಯ. ಅಲಗು ಕಾವನ್ನು ಸೇರುವೆಡೆ ಚೂಪು ಮೂಲೆಯಿದ್ದರೆ ಒತ್ತಡವೆಲ್ಲ ಅಲ್ಲಿ ಒಟ್ಟಾಗಿ ಬಿರುಕು ಹುಟ್ಟುತ್ತದೆ. ಅದಕ್ಕೆಂದೇ ಅನುಭವಿ ವಿನ್ಯಾಸಕಾರರು ಅಂತಹ ಮೂಲೆಗಳನ್ನು ದುಂಡಾಗಿಸುತ್ತಾರೆ.

ಕಾವು ಮತ್ತು ಜೋಡಣೆ

ಹಳೆಯ ಟೊಮಹಾಕ್‌ನ ಕಾವನ್ನು ನಮ್ಮ ಪಿಕಾಸಿಯಂತೆ ಮೇಲಿನಿಂದ ತೂರಿಸಲಾಗುತ್ತಿತ್ತು. ಬೀಸಿದಷ್ಟೂ ತಲೆ ಬಿಗಿಯಾಗುತ್ತದೆ. ಕಾವು ಮುರಿದರೆ ಕಾಡಿನ ಕೊಂಬೆಯನ್ನೇ ಕೆತ್ತಿ ಸಿಕ್ಕಿಸಬಹುದು. ಎರಡನೆಯದು, ಪ್ಲಾಸ್ಟಿಕ್ ಕಾವಿನಲ್ಲಿ ಸೀಳು ಮಾಡಿ ತಲೆಯನ್ನು ಬೋಲ್ಟ್‌ನಿಂದ ಬಿಗಿಯುವ ವಿಧಾನ. ಇದು ಹಗುರ, ಅಗ್ಗ. ಆದರೆ ಜೋರಾಗಿ ಮೀಟಿದರೆ ಜೋಡಣೆ ಸಡಿಲವಾಗಬಹುದು. ಮೂರನೆಯದು, ತಲೆಯಿಂದ ಹಿಡಿಕೆಯ ತುದಿವರೆಗೆ ಒಂದೇ ಉಕ್ಕಿನ ಹಲಗೆ. ಮೀಟಲು ಇದಕ್ಕೆ ಸಾಟಿಯಿಲ್ಲ. ಆದರೆ ತೂಕ ಹಿಡಿಕೆಯತ್ತ ವಾಲುತ್ತದೆ, ಪೆಟ್ಟಿನ ನಡುಕ ಕೈಗೆ ತಟ್ಟುತ್ತದೆ, ಬಾಗಿದರೆ ಬದಲಿ ಕಾವು ಸಿಗದು.

ಹಿಂಬದಿಯ ಪ್ರಶ್ನೆ

ಅಲಗಿನ ಹಿಂಬದಿ ಏನಿರಬೇಕು ಎಂಬುದೇ ದೊಡ್ಡ ಚರ್ಚೆ. ಚೂಪು ಮೊನೆ ತಗಡನ್ನು ತೂತು ಮಾಡಬಲ್ಲದು, ಗಾಜು, ಇಟ್ಟಿಗೆ ಒಡೆಯಬಲ್ಲದು. ಆದರೆ ಬೀಸಿದ ಕೊಡಲಿ ಪುಟಿದರೆ ಅದೇ ಮೊನೆ ಬೀಸಿದವನ ಹಣೆಯತ್ತ ಬರುತ್ತದೆ. ಎಡವಿ ಬಿದ್ದಾಗಲೂ ಅಪಾಯ ತಪ್ಪಿದ್ದಲ್ಲ. ಗೂಟ ಹೊಡೆಯಲು ನೆರವಾಗುವ ಚಪ್ಪಟೆ ಸುತ್ತಿಗೆಯಂತಹ ಹಿಂಬದಿ ಚಾರಣಿಗನಿಗೆ ಹೆಚ್ಚು ಉಪಯುಕ್ತ, ಹೆಚ್ಚು ಸುರಕ್ಷಿತ. ಅಲಗು, ಮೊನೆ ಎರಡನ್ನೂ ಪೂರ್ತಿ ಮುಚ್ಚುವ ಒರೆ ಇಲ್ಲದಿದ್ದರೆ ಯಾವ ವಿನ್ಯಾಸವೂ ಪೂರ್ಣವಲ್ಲ.

ಕಾನೂನು ಏನೆನ್ನುತ್ತದೆ?

ಭಾರತದಲ್ಲಿ ಕೃಷಿ, ಗೃಹಬಳಕೆ, ಕೈಗಾರಿಕೆ ಹಾಗೂ ವೈಜ್ಞಾನಿಕ ಉದ್ದೇಶಕ್ಕೆ ತಯಾರಾದ ಹರಿತ ಸಾಧನಗಳನ್ನು ಶಸ್ತ್ರಾಸ್ತ್ರ ನಿಯಮಗಳು ಹೊರಗಿಟ್ಟಿವೆ. ಆದರೆ 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಈಟಿಗಳ ಜೊತೆ ಯುದ್ಧಗೊಡಲಿಯ ಹೆಸರೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಮಿನಡಿ ಅಧಿಸೂಚನೆ ಹೊರಬಿದ್ದ ಪ್ರದೇಶಗಳಲ್ಲಿ ಇಂತಹ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ಹಳ್ಳಿಯ ಹಿತ್ತಲಿನ ಕೊಡಲಿ ಮತ್ತು ಯುದ್ಧಕ್ಕೆಂದೇ ರೂಪಿಸಿದ ಟೊಮಹಾಕ್ ನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಕೊಳ್ಳುವ ಮುನ್ನ ಈ ವ್ಯತ್ಯಾಸ ಅರಿತಿರುವುದು ಒಳಿತು.