ಎಸಿಯ ಮೇಲಿನ ದೂರು, ಭಟ್ಟಿಯ ಮುಂದಿನ ಝಳ

ಏಪ್ರಿಲ್ ಬಂತೆಂದರೆ ದಾವಣಗೆರೆಯ ಬಡಾವಣೆಗಳಲ್ಲೂ ಹರಿಹರದ ಪೇಟೆಯಲ್ಲೂ ಒಂದೇ ಮಾತು: ಎಸಿ ಹಾಕಿಸಿದರೆ ನೆಗಡಿ, ಮೈಕೈ ನೋವು, ಹಾಕಿಸದಿದ್ದರೆ ನಿದ್ದೆಯಿಲ್ಲ. ಈ ತಕರಾರಿನ ಹಿಂದೆ ದಶಕಗಳ ಸಂಶೋಧನೆಯಿದೆ. ಅದನ್ನು ಸಾಲಾಗಿ ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಸಿಯಿಂದ ತೊಂದರೆ ಎಂದ ಅಧ್ಯಯನಗಳು ಹೆಚ್ಚಾಗಿ ನೋಡಿದ್ದು ಆರೋಗ್ಯವಂತ ಕಚೇರಿ ನೌಕರರನ್ನು. ಎಸಿ ಪ್ರಾಣ ಉಳಿಸುತ್ತದೆ ಎಂದವು ನೋಡಿದ್ದು ವಯಸ್ಸಾದವರನ್ನು, ಕಾಯಿಲೆಯವರನ್ನು, ಒಂಟಿಯಾಗಿ ಬದುಕುವವರನ್ನು. ಎರಡೂ ದಿಟ. ಎರಡನ್ನೂ ಕಲಸಿ ಒಂದೇ ತೀರ್ಪು ಕೊಡಲು ಹೊರಟಾಗ ಗೊಂದಲವಾಗುತ್ತದೆ.

ತಂಪು ಗಾಳಿಯನ್ನು ಔಷಧಿಯಂತೆ ಕಂಡವನು ಫ್ಲಾರಿಡಾದ ವೈದ್ಯ ಜಾನ್ ಗೋರಿ. 1840ರ ದಶಕದಲ್ಲಿ ಜ್ವರದ ರೋಗಿಗಳ ಕೋಣೆ ತಣಿಸಲು ಮಂಜುಗಡ್ಡೆಯ ಯಂತ್ರಕ್ಕೆ ಕೈಹಾಕಿದ. 1851ರಲ್ಲಿ ಪೇಟೆಂಟ್ ಸಿಕ್ಕಿತು, ಬಂಡವಾಳ ಸಿಗಲಿಲ್ಲ. ಬಂಡವಾಳ ಹರಿದದ್ದು ಸರಕನ್ನು ಕಾಪಾಡುವ ಕಡೆಗೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯದ ಕಾಗದಕ್ಕಾಗಿ ಯಂತ್ರ ರೂಪಿಸಿದ. ‘ಏರ್ ಕಂಡೀಷನಿಂಗ್’ ಎಂಬ ಹೆಸರಿಟ್ಟ ಸ್ಟುವರ್ಟ್ ಕ್ರೇಮರ್ 1906ರಲ್ಲಿ ಚಿಂತಿಸುತ್ತಿದ್ದದ್ದು ಬಟ್ಟೆ ಗಿರಣಿಯ ತೇವಾಂಶದ ಬಗ್ಗೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ. ನೂಲು ನೂಲುವವರ ಮೈಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 1923ರಲ್ಲಿ ಅಮೆರಿಕದ ಹೌಟೆನ್ ಮತ್ತು ಯಾಗ್ಲೂ ಯಾವ ಬಿಸಿ, ಯಾವ ತೇವಾಂಶ ಮೈಗೆ ಹಿತ ಎಂಬ ನಕ್ಷೆ ಬರೆದ ಮೇಲೆ ಮನುಷ್ಯ ಲೆಕ್ಕಕ್ಕೆ ಬಂದ, ಅದೂ ಹಿತದ ಮಟ್ಟಿಗೆ ಮಾತ್ರ.

ಕೇಡಿನ ಕಡೆಗೆ ಕಣ್ಣು ಹೊರಳಿದ್ದು 1976ರಲ್ಲಿ. ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನ ಮುಗಿಸಿ ಹೋದವರಲ್ಲಿ ಹಲವರು ನ್ಯುಮೋನಿಯಾದಿಂದ ಸತ್ತರು. ಮರುವರ್ಷ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಇದು ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನ ನೀರಲ್ಲಿ ಬೆಳೆಯುವಂಥದ್ದು. ಮನೆಯ ಸ್ಪ್ಲಿಟ್ ಎಸಿಗೆ ಅಂಥ ಟವರೇ ಇಲ್ಲ, ಆದರೂ ಅದರ ಮೇಲೂ ಇದೇ ದೂರು ಹೊರಿಸುತ್ತಾರೆ. 1990ರಲ್ಲಿ ಮೆಂಡೆಲ್ ಮತ್ತು ಸ್ಮಿತ್ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕಿಟಕಿ ತೆರೆಯುವ ಕಚೇರಿಗಳಿಗಿಂತ ಎಸಿ ಕಚೇರಿಗಳಲ್ಲಿ ತಲೆನೋವು, ಮೂಗು ಕಟ್ಟುವುದು, ಕಣ್ಣುರಿ ಹೆಚ್ಚು ಎಂದು ಕಂಡಿತು. ಕಾರಣಗಳು ಸಾಮಾನ್ಯವಾದವು: ತೊಳೆಯದ ಫಿಲ್ಟರು, ನೀರು ನಿಂತು ಪಾಚಿಗಟ್ಟಿದ ಟ್ರೇ, ಹೊರಗಾಳಿ ಬಾರದ ಕೋಣೆ. ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಿರುಗಿಸಿ ತಣಿಸುತ್ತದೆ. ಒಬ್ಬರಿಗೆ ನೆಗಡಿಯಾದರೆ ವೈರಸ್ಸೂ ಅಲ್ಲೇ ಸುತ್ತುತ್ತದೆ. ನೆಗಡಿ ತರುವುದು ಚಳಿಯಲ್ಲ, ಮುಚ್ಚಿದ ಬಾಗಿಲು.

ಇನ್ನೊಂದು ಕಡೆಯ ಪುರಾವೆಯ ತೂಕವೇ ಬೇರೆ. 1995ರ ಷಿಕಾಗೊ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಬಲಿಯಾದರು. ಮನೆಯಲ್ಲಿ ಎಸಿ ನಡೆಯುತ್ತಿದ್ದವರಲ್ಲಿ ಸಾವು ಬಹಳ ಕಡಿಮೆ. ಎಸಿ ಇರುವ ಬೇರೆ ಜಾಗದಲ್ಲಿ ಕೊಂಚ ಹೊತ್ತು ಕೂತು ಬಂದವರಲ್ಲೂ ಸಾವು ಕಡಿಮೆಯಿತ್ತು. ಅಮೆರಿಕದಲ್ಲಿ 1960ರ ನಂತರ ಬಿಸಿಲಿನ ಸಾವು ಮುಕ್ಕಾಲು ಪಾಲು ಇಳಿದದ್ದಕ್ಕೆ ಮನೆಯ ಎಸಿಯೇ ಕಾರಣ ಎಂದು 2016ರಲ್ಲಿ ಬಾರೆಕಾ ಮತ್ತು ಸಂಗಡಿಗರು ವಾದಿಸಿದರು. 2020ರಲ್ಲಿ ನಾಲ್ಕು ದೇಶಗಳ ಲೆಕ್ಕ ತೆಗೆದವರು, ಎಸಿಯ ಪಾಲು ಅಷ್ಟಿಲ್ಲ ಎಂದರು. ಎರಡನೆಯ ಮಾತೇ ನಂಬಲರ್ಹ ಅನಿಸುತ್ತದೆ, ಏಕೆಂದರೆ ಎಸಿ ಇಲ್ಲದೆಯೂ ಉಳಿಸಿದ ಉದಾಹರಣೆ ನಮ್ಮಲ್ಲೇ ಇದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಯ ಹೊತ್ತಿಗೆ ವಾಡಿಕೆಗಿಂತ 1,344 ಸಾವು ಹೆಚ್ಚಾದವು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಬಾಣಂತಿಯರ ವಾರ್ಡನ್ನು ಮೇಲಂತಸ್ತಿನಿಂದ ಕೆಳಗಿಳಿಸಿದ ಮೇಲೆ ತಾಪದಿಂದ ಬಳಲಿ ತೀವ್ರನಿಗಾ ಘಟಕ ಸೇರುವ ಹಸುಗೂಸುಗಳು ಕಡಿಮೆಯಾದವು.

ನಮ್ಮದು ಒಣಬಿಸಿಲು, ಫ್ಯಾನು ಸಾಕು ಎಂಬ ಆಕ್ಷೇಪವಿದೆ. 2021ರಲ್ಲಿ ಓಲಿ ಜೇ ತಂಡ ಹಾಕಿದ ಲೆಕ್ಕದಂತೆ ಆರೋಗ್ಯವಂತ ಯುವಕರಿಗೆ 39 ಡಿಗ್ರಿಯವರೆಗೆ, ವಯಸ್ಸಾದವರಿಗೆ 38ರವರೆಗೆ, ಬೆವರು ತಗ್ಗಿಸುವ ಕೆಲವು ಮಾತ್ರೆ ನುಂಗುವ ಹಿರಿಯರಿಗೆ 37ರವರೆಗೆ ಫ್ಯಾನು ನೆರವಾಗುತ್ತದೆ. ಅದಕ್ಕೂ ಮೇಲೆ ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ದಾವಣಗೆರೆಯ ಬೇಸಿಗೆ ಆಡುವುದು ಸರಿಯಾಗಿ ಈ ಗೆರೆಯ ಆಚೀಚೆ. ಏಪ್ರಿಲ್‌ನ ಒಣಗಾಳಿಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ, ಮಳೆ ಬಿದ್ದು ಸೆಖೆಯಾದಾಗ ಅದೂ ಸೋಲುತ್ತದೆ. ಎಸಿಯಿಂದ ಮೈ ಬಿಸಿಲಿಗೆ ಒಗ್ಗುವುದು ತಪ್ಪುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಬಿಸಿಲಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಮೈ ಒಗ್ಗುವುದು ನಿಜ. ಎಂಬತ್ತರ ಅಜ್ಜಿಗೆ ಆ ಪಾಠ ಹೇಳುವುದು ಸರಿಯಲ್ಲ. 18ಕ್ಕೆ ಇಳಿಸಿ ರಗ್ಗು ಹೊದ್ದು ಮಲಗುವವರಿಗೆ ಬೇಕಾದರೆ ಹೇಳಬಹುದು. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೇ ಹೊಂದಿಸಿಕೊಂಡು ಬರುತ್ತಿವೆ, ಆರೋಗ್ಯಕ್ಕೆ ಅಷ್ಟು ತಂಪೂ ಬೇಡ. ಎಸಿ ಹೊರಗೆಸೆಯುವ ಬಿಸಿ ಓಣಿಯವರ ಪಾಲಿಗೆ ಬರುತ್ತದೆಂಬ ದೂರಿಗೆ ಮಾತ್ರ ಉತ್ತರವಿಲ್ಲ. ಫೀನಿಕ್ಸ್ ನಗರದ ರಾತ್ರಿಯನ್ನು ಅದು ಒಂದು ಡಿಗ್ರಿಗೂ ಹೆಚ್ಚು ಕಾಯಿಸಬಲ್ಲದೆಂದು 2014ರ ಅಧ್ಯಯನ ತೋರಿಸಿದೆ.

ಹಾಗಾದರೆ ತಂಪು ಮೊದಲು ಸಲ್ಲಬೇಕಾದ್ದು ಯಾರಿಗೆ? ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಅಕ್ಕಿ ಹುರಿಯುವವರನ್ನು ಹಿತದ ನಕ್ಷೆ ಅಳೆಯಲಾರದು. ಹವಾಮಾನ ಇಲಾಖೆಯ 38 ಡಿಗ್ರಿ ನೆರಳಿನ ಗಾಳಿಯದು. ಒಲೆಯ ಝಳ ಅದರಲ್ಲಿಲ್ಲ. ಹಿತದ ನಕ್ಷೆ ಬರೆದ ಅದೇ ಯಾಗ್ಲೂ 1957ರಲ್ಲಿ ಮಿನಾರ್ಡ್ ಜೊತೆ ಸೇರಿ, ತರಬೇತಿಯಲ್ಲಿ ಕುಸಿದು ಬೀಳುತ್ತಿದ್ದ ಸೈನಿಕರಿಗಾಗಿ ಬೇರೊಂದು ಅಳತೆ ಕಟ್ಟಿದ: ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಏಳು ಪಾಲು, ಝಳ ಹೀರುವ ಕಪ್ಪು ಗೋಳಕ್ಕೆ ಎರಡು, ಬರೀ ಗಾಳಿಗೆ ಒಂದು. ಭಟ್ಟಿಯ ಬಾಯಿಗೆ ಎಸಿ ಕೂರಿಸಲಾಗದು. ಆ ಅಳತೆ ಮಿತಿ ಮೀರಿದಾಗ ಎದ್ದುಹೋಗಿ ಕೂರಲು ಪಕ್ಕದಲ್ಲೇ ತಣ್ಣನೆಯ ಒಂದು ಕೋಣೆ, ಕುಡಿಯಲು ನೀರು, ಕೂತ ಹೊತ್ತಿಗೂ ಕೂಲಿ, ಇಷ್ಟನ್ನು ಕೊಡಬಹುದು.