ಪಿಕಪ್ ತಗೊಳ್ಳೋ ಮುಂಚೆ ಆರ್‌ಸಿಯ ಎರಡು ಅಂಕಿ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಿಂಬೆ, ಉಳ್ಳಾಗಡ್ಡಿ, ತೊಗರಿ ಹೇರಲು ಪಿಕಪ್ ತಗೊಳ್ಳೋರು ಮೊದಲು ತೂಕದ ಲೆಕ್ಕ ಹಾಕಬೇಕು.

ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯೋದೇ ಹೇರಬಹುದಾದ ಭಾರ. ಡ್ರೈವರ್, ಹಮಾಲರ ತೂಕವೂ ಇದರಾಗೇ ಬರುತ್ತದೆ.

ಉದಾಹರಣೆಗೆ, ಒಟ್ಟು 2,900 ಕೆ.ಜಿ., ಖಾಲಿ 1,700 ಕೆ.ಜಿ. ಇದ್ದರೆ ಉಳಿಯೋದು 1,200 ಕೆ.ಜಿ. ಇಬ್ಬರು ಕುಂತರೆ ಸುಮಾರು 150 ಕೆ.ಜಿ. ಹೋಗಿ, 50 ಕೆ.ಜಿ.ಯ 21 ಚೀಲ ಮಾತ್ರ.

ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂ. ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ಹೆಚ್ಚಿನ ಮಾಲು ಇಳಿಸಿದ ಮೇಲೇ ಗಾಡಿ ಮುಂದಕ್ಕೆ.

ಹಿಂದೆ ಟ್ರೇಲರ್ ಕಟ್ಟಿ ಎಳೆಯೋದಾದರೆ ಅದಕ್ಕೂ ಬೇರೆ ನೋಂದಣಿ ಬೇಕು. ದಿನಾ ಒಂದೂವರೆ ಟನ್ ಮಾಲು ಇರೋರಿಗೆ ದೊಡ್ಡ ಗಾಡಿಯೇ ಲೇಸು.